ಮೊಮ್ಮಗಳ ಮುಖ ನೋಡಲು ತೆಗೆಸಿದ ಫೋಟೋ

ಮೊಮ್ಮಗಳು ಹುಟ್ಟಿ ಐದು ತಿಂಗಳಾಯಿತು. ಅವಳ ವಿಷಯ ಬರೆಯಲು ಕೂತರೆ ನಿಲ್ಲಿಸುವುದು ನನಗೆ ಬರುವುದಿಲ್ಲ. ಅದಕ್ಕೇ ನನ್ನ ಕಣ್ಣಿನ ವಿಷಯವನ್ನಷ್ಟೇ ಬರೆಯುತ್ತೇನೆ. ಅದರಲ್ಲೂ ಅವಳೇ ಬಂದುಬಿಡುತ್ತಾಳೆ, ಏನು ಮಾಡಲಿ.

ನಾನು ಓದಿದ್ದು ಮೂರನೇ ಕ್ಲಾಸು. ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದು ಕಾಣುತ್ತಿರಲಿಲ್ಲ. ಹುಡುಗಿ ದಡ್ಡಿ ಎಂದು ಮನೆಯವರು ಶಾಲೆ ಬಿಡಿಸಿದರು. ಅದು ದಡ್ಡತನವಲ್ಲ, ಕಣ್ಣಿನ ಪವರ್ ಮೈನಸ್ ಹದಿನಾಲ್ಕು ಎಂದು ಗೊತ್ತಾದದ್ದು ಮದುವೆಯಾದ ಮೇಲೆ. ದಪ್ಪ ಕನ್ನಡಕ ಬಂದ ದಿನ ಗಂಡನನ್ನು ಮೊದಲ ಸಲ ಸರಿಯಾಗಿ ನೋಡಿದೆ. ಅಷ್ಟರಲ್ಲಿ ಮಗಳು ಹುಟ್ಟಿಯಾಗಿತ್ತು.

ಅದೇ ಮಗಳು ಬಾಣಂತನಕ್ಕೆ ಬಾಗಲಗುಂಟೆಯ ನಮ್ಮ ಮನೆಗೆ ಬಂದಳು. ಮಗುವನ್ನು ನನ್ನ ಮಡಿಲಿಗೆ ಹಾಕಿದರು. ಕೈ ಕಂಡಿತು, ಕಾಲು ಕಂಡಿತು. ಮುಖದ ಮೇಲೆ ಕಣ್ಣಿಟ್ಟರೆ ಮಾತ್ರ ಅಲ್ಲೊಂದು ಮಬ್ಬು, ಸ್ಲೇಟನ್ನು ಒದ್ದೆ ಕೈಯಲ್ಲಿ ಒರೆಸಿದ ಹಾಗೆ. ಕಿವಿ ನೋಡೋಣವೆಂದು ಕಣ್ಣು ಸರಿಸಿದರೆ ಕಿವಿಯೂ ಮಾಯ. ಎಲ್ಲಿ ನೋಡುತ್ತೇನೋ ಅಲ್ಲೇ ಇಲ್ಲ. ಎಲ್ಲರೂ ಚೆನ್ನಾಗಿದ್ದಾಳೆ ಅಂದರು, ನಾನೂ ಅಂದೆ. ಹಸಿ ಬಾಣಂತಿಗೆ ಹೆದರಿಕೆ ಯಾಕೆ ಎಂದು ಸುಮ್ಮನಿದ್ದೆ.

ಮಗುವಿಗೆ ಎರೆಯಲೆಂದು ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸುತ್ತಿದ್ದೆವು. ನೋಡಿದರೆ ಗೆರೆಗಳೆಲ್ಲ ನಡುವೆ ಹೊಟ್ಟೆ ಬಂದಂತೆ ಉಬ್ಬಿವೆ. ಕೆಲಸದವನು ರಾಯಚೂರಿನ ಕಡೆಯವನು. ಅವನನ್ನು ಬೈದು ಒಂದು ಸಾಲು ಕೀಳಿಸಿ ಮತ್ತೆ ಹಾಕಿಸಿದೆ. ಮತ್ತೂ ಉಬ್ಬಿತು. ಅವನು ಸಿಟ್ಟಿನಿಂದ ಗೋಡೆಯ ಉದ್ದಕ್ಕೂ ದಾರ ಎಳೆದು ಹಿಡಿದ. ದಾರವೂ ಸೊಟ್ಟಗಿದೆ ಅಂದೆ.

ಅವನು ದಾರ ಬಿಟ್ಟು ನನ್ನ ಕಡೆ ತಿರುಗಿದ. "ಅಮ್ಮಾರ, ಎಳದ್ ಹಿಡದ ದಾರ ಸೊಟ್ಟ ಕಾಣತೈತಿ ಅಂದ್ರ ತಪ್ಪು ಗ್ವಾಡೀದಲ್ರೀ, ಕಣ್ಣಿಂದು."

ಹೀಗೆ ನನ್ನ ರೋಗ ಕಂಡುಹಿಡಿದವನು ಟೈಲ್ಸಿನವನು. ಮಾರನೆಯ ದಿನವೇ ಅಳಿಯ ಯಶವಂತಪುರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಇಷ್ಟು ಪವರ್ ಇರುವವರ ಕಣ್ಣುಗುಡ್ಡೆ ಉದ್ದವಾಗಿರುತ್ತದೆ, ಹಿಂದಿನ ಪರದೆ ಎಳೆದೆಳೆದು ತೆಳುವಾಗಿರುತ್ತದೆ, ಅಲ್ಲಿ ಬೇಡದ ರಕ್ತನಾಳಗಳು ಹುಟ್ಟಿ ಸೋರುತ್ತವೆ ಎಂದು ಡಾಕ್ಟರು ಹೇಳಿದರು. ಎಲ್ಲಿ ಸೋರುತ್ತಿದೆ ಎಂದು ಫೋಟೋದಲ್ಲಿ ನೋಡಬೇಕು, ತಡವಾದರೆ ಮಬ್ಬು ಕಲೆಯಾಗಿ ಉಳಿದುಬಿಡುತ್ತದೆ ಎಂದರು. ಉಳಿದರೆ ಮಗುವಿನ ಮುಖ? ಆ ರಾತ್ರಿ ಊಟ ಸೇರಲಿಲ್ಲ.

ಫೋಟೋ ದಿನ ಮಾತ್ರ ಉಮೇದು ಬಂತು. ಮಗುವಿಗೆಂದು ಹರಳೆಣ್ಣೆ ದೀಪ ಹಚ್ಚಿ ಮನೆಯಲ್ಲೇ ಕಾಡಿಗೆ ಮಾಡಿದ್ದೆ. ಕಣ್ಣಿನ ಫೋಟೋ ಅಂದ ಮೇಲೆ ಕಣ್ಣು ಚೆನ್ನಾಗಿರಬೇಡವೇ? ಎರಡೂ ಕಣ್ಣಿಗೆ ಧಾರಾಳವಾಗಿ ಹಚ್ಚಿಕೊಂಡು, ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಹೋದೆ. ಅಲ್ಲಿ ಪಾಪೆ ದೊಡ್ಡದಾಗಲೆಂದು ಹನಿ ಬಿಟ್ಟರು. ಕಾಡಿಗೆಯೆಲ್ಲ ಕರಗಿ ಗಲ್ಲದವರೆಗೂ ಇಳಿಯಿತು. ಫೋಟೋ ತೆಗೆಯುವ ಹುಡುಗಿ ಅರ್ಧ ಬಂಡಲು ಹತ್ತಿ ಖರ್ಚು ಮಾಡಿ ಒರೆಸಿದಳು.

"ಅಜ್ಜಿ, ನಾವ್ ತೆಗೆಯೋದು ಕಣ್ಣೊಳಗಿನ ರಕ್ತನಾಳದ ಫೋಟೋ. ಮುಖ ಬರಲ್ಲ."

"ಮಲ್ಲಿಗೇನೂ ಬರಲ್ವಾ?"

"ಬರಲ್ಲ ಅಜ್ಜಿ. ನೀವ್ ನಗಬೇಡಿ, ಕಣ್ಣು ಅಲ್ಲಾಡತ್ತೆ."

ಗಲ್ಲವನ್ನು ಮಷೀನಿನ ಮೇಲೆ ಊರಿ ಕೂತೆ. ರಕ್ತನಾಳ ಫೋಟೋದಲ್ಲಿ ಎದ್ದು ಕಾಣಲೆಂದು ಕೈಯ ನರಕ್ಕೆ ಹಳದಿ ಔಷಧಿ ಚುಚ್ಚಿದರು. ಪಟಪಟನೆ ಬೆಳಕು ಹೊಡೆಯಿತು. ಆಮೇಲೆ ಡಾಕ್ಟರು ಕಂಪ್ಯೂಟರಿನಲ್ಲಿ ತೋರಿಸಿದರು. ನೇರ ನೋಡಿದರೆ ಅಲ್ಲೂ ಮಬ್ಬೇ, ಓರೆಗಣ್ಣಿನಲ್ಲಿ ನೋಡಿದೆ. ಬೂದಿ ಬಣ್ಣದ ಮೇಲೆ ಸಣ್ಣ ಬೇರುಗಳ ಹಾಗೆ ನಾಳಗಳು, ನಡುವೆ ಒಂದು ಬಿಳಿ ಚುಕ್ಕೆ. ಫೋಟೋದಿಂದ ಫೋಟೋಗೆ ಅದು ಹರಡುತ್ತಾ ಹೋಗಿತ್ತು. ಮೊಮ್ಮಗಳ ಮುಖ ನುಂಗಿದ್ದು ಅದೇ.

ಮನೆಗೆ ಬಂದಾಗ ನಾನು ಮದುವಣಗಿತ್ತಿಯ ಹಾಗೆ ಅರಿಶಿನ ಅರಿಶಿನವಾಗಿದ್ದೆ. ಪಕ್ಕದ ಮನೆಯಾಕೆ ಕಾಮಾಲೆ ಎಂದು ನೆಲನೆಲ್ಲಿ ಅರೆದು ತಂದಳು. ಉಚ್ಚೆಯ ಬಣ್ಣದ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಸೋರುವುದು ನಿಲ್ಲಲು ಕಣ್ಣಿಗೇ ಸೂಜಿ ಅಂದಾಗ ಓಡಿಹೋಗಬೇಕೆನಿಸಿತು. ಮಗುವನ್ನು ನೆನೆದು ಕೂತೆ. ತಿಂಗಳಿಗೊಂದರಂತೆ ಎರಡಾಯಿತು. ಮತ್ತೆ ಫೋಟೋ ತೆಗೆದು, ಸೋರುವುದು ನಿಂತಿದೆ ಎಂದರು ಡಾಕ್ಟರು. ಆದರೆ ಎಷ್ಟು ಕಾಣುತ್ತದೆಂದು ಮಾತು ಕೊಡಲಾರೆ ಎಂದರು.

ಅದಾದ ವಾರಕ್ಕೆ, ಎರೆದು ಬಟ್ಟೆ ಸುತ್ತಿದ ಮಗುವನ್ನು ಮಗಳು ನನ್ನ ಕೈಗಿತ್ತಳು. ನೇರ ನೋಡಿದೆ. ಮುಖ ಹೋಗಲಿಲ್ಲ. ಅಲ್ಲೇ ಇತ್ತು! ಸ್ವಲ್ಪ ಮಾಸಲು, ಆದರೆ ಮೂಗು, ಬಾಯಿ, ಎಲ್ಲ ಇದ್ದಲ್ಲೇ ಇದ್ದವು. ಹಣೆ ಗಂಟಿಕ್ಕಿಕೊಂಡು ನನ್ನನ್ನೇ ನೋಡುತ್ತಿತ್ತು.

"ಇವಳಿಗೆ ಹುಬ್ಬೇ ಇಲ್ವಲ್ಲೇ," ಅಂದೆ.

ಮಗಳು ನಗಲು ಹೋಗಿ ಅತ್ತುಬಿಟ್ಟಳು. "ಬರತ್ತಮ್ಮ, ಇನ್ನೂ ಪುಟ್ಟದಲ್ವಾ."

ಆ ದಿನ ಮಗುವನ್ನು ಯಾರ ಕೈಗೂ ಕೊಡಲಿಲ್ಲ. ಹಸಿದು ಕಿರುಚಿದಾಗಷ್ಟೇ ಮಗಳ ಮಡಿಲಿಗೆ ಹಾಕಿ, ಎದುರಿಗೇ ಸ್ಟೂಲು ಎಳೆದುಕೊಂಡು ಕೂತೆ.