ಆಗ್ನೇಯ ಮೂಲೆಯ ಜನರೇಟರ್

ರಾಯದುರ್ಗದ ಕಬ್ಬಿಣದಂಗಡಿ ದೊಡ್ಡಬಸಪ್ಪನವರು ಬೇರೆಯವರ ಮಾತು ಕೇಳಿದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. ಕ್ಷೇತ್ರಗಳಿಗೆ ಹೋದಾಗ ಲಾಡ್ಜಿನಲ್ಲಿ ತಿಗಣೆ ಕಚ್ಚುತ್ತವೆಂದು ಹಳೆಯ ಮಿನಿ ಬಸ್ಸೊಂದನ್ನು ಕೊಂಡು, ಅದರೊಳಗೆ ಮಂಚ, ಒಲೆ, ಏಸಿ ಎಲ್ಲ ಹಾಕಿಸಿದರು. ಏಸಿಗೆ ಜನರೇಟರ್ ಕೂರಿಸಲು ನನ್ನನ್ನು ಕರೆಸಿದರು.

ಜನರೇಟರ್ ಅಂಗಡಿಯಲ್ಲಿ ಸದ್ದಿಲ್ಲದ ಸಣ್ಣದೊಂದನ್ನು ತೋರಿಸಿ, ಇದು ಸಾಕು ಎಂದೆ. ಜೀವನವಿಡೀ ಕಬ್ಬಿಣ ತೂಗಿ ಮಾರಿದ ಮನುಷ್ಯ ಅದನ್ನು ಎತ್ತಿ ನೋಡಿ, ಹಗುರವೆಂದು ಮೂಗು ಮುರಿದು, ಇಬ್ಬರು ಹೊರುವಂಥದ್ದನ್ನು ಆರಿಸಿದರು.

"ಜನರೇಟರ್ ಅಂದ್ರ ಬೆಂಕಿ. ಆಗ್ನೇಯ ಮೂಲ್ಯಾಗ ಇಡಪ," ಎಂದರು.

ಬಸ್ಸು ಪೂರ್ವಕ್ಕೆ ಮುಖ ಮಾಡಿ ನಿಂತಿತ್ತು. ಅದರ ಆಗ್ನೇಯದಲ್ಲಿದ್ದದ್ದು ಡ್ರೈವರ್ ಸೀಟು.

"ಹಂಗಾದ್ರ ಡ್ರೈವರ್‌ನ ಎಲ್ಲಿ ಕುಂದ್ರಸೋಣ್ರಿ?" ಎಂದು ಕೇಳಿದೆ.

ಅವರು ಬಸ್ಸನ್ನು ಉತ್ತರಕ್ಕೆ ತಿರುಗಿಸಿ ನಿಲ್ಲಿಸಿದರು. ಆಗ್ನೇಯ ಹಿಂದಿನ ಬಲ ಮೂಲೆಗೆ ಬಂತು. ಅಲ್ಲಿ ಹೊರಗಡೆ ಪೆಟ್ಟಿಗೆ ಬೆಸೆದು, ಹೊಗೆ ಕೊಳವೆಯನ್ನು ಕಿಟಕಿಗಳಿಂದ ದೂರಕ್ಕೆ ತಿರುಗಿಸಿ, ಜನರೇಟರನ್ನು ಬಿಗಿದೆ. ಆದರೆ ನನಗೆ ಸುಮ್ಮನಿರಲಾಗಲಿಲ್ಲ.

"ಶ್ರೀಶೈಲದಾಗ ಗಾಡಿ ಬ್ಯಾರೆ ಕಡಿಗೆ ತಿರುಗಿ ನಿಂತ್ರ ಆಗ್ನೇಯ ಎಲ್ಲಿ ಹೊಕ್ಕೈತ್ರಿ?"

ಅವರು ಬಸ್ಸಿನ ಸುತ್ತ ಒಂದು ಸುತ್ತು ಹಾಕಿ, ಅದರ ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಕೊನೆಗೂ ನನ್ನ ಮಾತು ತಲೆಗೆ ಹೋಯಿತಲ್ಲ ಎಂದುಕೊಂಡು ಮನೆಗೆ ಬಂದೆ.

ನಿಜಕ್ಕೂ ತಲೆಗೆ ಹೋಗಿತ್ತು. ಎರಡು ವರ್ಷದಿಂದ ಬಸ್ಸು ಉತ್ತರಕ್ಕೆ ಮುಖ ಮಾಡಿ ಅಲ್ಲೇ ನಿಂತಿದೆ. ಬಂದವರಿಗೆಲ್ಲ ಅದರ ವಾಸ್ತು ತೋರಿಸುತ್ತಾರೆ. ಊರೂರು ತಿರುಗಲೆಂದು ಕೊಂಡ ಆ ಗಾಡಿಗೆ ಕಳೆದ ವಾರ ಸುತ್ತಲೂ ಕಾಂಪೌಂಡ್ ಕಟ್ಟಿಸಿದರು.