ಶೀಲಾಳ ಎಡಗೈ ಶಾವಿಗೆ

ನನ್ನ ಸೊಸೆ ಶೀಲಾ ಒತ್ತಿದ ಶಾವಿಗೆ ತಿನ್ನದವರು ಭದ್ರಾವತಿಯ ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ಮದುವೆಯಾಗಿ ಬಂದಾಗ ಅವಳಿಗೆ ಶಾವಿಗೆ ಎಂದರೆ ಅಂಗಡಿಯ ಪಾಯಸದ ಪ್ಯಾಕೆಟ್, ಅಷ್ಟೇ. ಅಕ್ಕಿ ನೆನೆಸಿ ರುಬ್ಬುವುದು, ಹಿಟ್ಟನ್ನು ಒಲೆಯ ಮೇಲೆ ಗಟ್ಟಿಯಾಗುವವರೆಗೆ ಗೊಟಾಯಿಸಿ ಉಂಡೆ ಕಟ್ಟಿ ಬೇಯಿಸುವುದು, ಮೂರು ಕಾಲಿನ ಕಬ್ಬಿಣದ ಶಾವಿಗೆ ಒರಳಲ್ಲಿ ಒತ್ತುವುದು, ಎಲ್ಲ ನಾನೇ ಕಲಿಸಿದ್ದು. ಈಗ ಅವಳ ಕೈಯದು ತಿಂದ ಮೇಲೆ ನನ್ನದು ನನಗೇ ರುಚಿಸುವುದಿಲ್ಲ.

ಹೋದ ವರ್ಷ ಸ್ಕೂಟರಿನಿಂದ ಬಿದ್ದು ಬಲ ಮೊಣಕೈ ಮುರಿದುಕೊಂಡಳು. ಮೂಳೆ ಕೂಡಿತು, ಕೈಗೆ ಕಸುವು ಬರಲಿಲ್ಲ. ಒರಳಿನ ಹಿಡಿಕೆ ತಿರುಗಿಸಲಾಗದೆ, ಮನೆಯಿಂದಲೇ ನಡೆಸುತ್ತಿದ್ದ ಶಾವಿಗೆ ವ್ಯಾಪಾರ ನಿಂತಿತು. "ಒರಳು ಮಾರಿಬಿಡಿ ಅತ್ತೆ, ಕಣ್ಣೆದುರಿಗಿದ್ರೆ ಸಂಕಟ" ಎಂದಳು. ಶಿವಮೊಗ್ಗದ ಕೋಟೆ ಹತ್ತಿರ ಹೋಟೆಲಿಟ್ಟಿರುವ ಹುಲಿಯಪ್ಪನನ್ನು ಮಗ ಯೋಗರಾಜ್ ಕರೆತಂದ.

"ಒತ್ತಿ ತೋರ್ಸಿ, ನೋಡಣ" ಎಂದ ಹುಲಿಯಪ್ಪ.

ಶೀಲಾ ಉಂಡೆ ಬೇಯಿಸಿಟ್ಟಳು. ಯೋಗರಾಜ್ ಎಲ್ಲವನ್ನೂ ಒಮ್ಮೆಗೇ ತಟ್ಟೆಗೆ ತೆಗೆದು, ಫೋನಿನಲ್ಲಿ ಹರಟಿ ಬಂದು, ಆರಿದ ಉಂಡೆ ಹಾಕಿ ಒರಳಿನ ಜೊತೆ ಕುಸ್ತಿಗೆ ಬಿದ್ದ. ಹಿಟ್ಟು ಕೆಳಗಿಳಿಯದೆ ಮೇಲಕ್ಕೆ ಉಕ್ಕಿತು. ಇಳಿದ ನಾಲ್ಕೆಳೆಯೂ ತುಂಡು ತುಂಡು.

"ಒರಳೇ ಸರಿಯಿಲ್ಲ ಮಾರಾಯ. ಗುಜರಿಗೆ ಹಾಕು" ಎಂದ ಹುಲಿಯಪ್ಪ.

ಶೀಲಾಳ ಮುಖ ಕೆಂಪಾಯಿತು. "ಗುಜರಿನಾ? ಏಳ್ರೀ ನೀವು!" ಎಂದು ಗಂಡನನ್ನು ಸರಿಸಿದಳು. "ಅತ್ತೆ, ಬೇರೆ ಉಂಡೆ ಬೇಯ್ಸಣ. ಕುದಿಯೋ ನೀರಲ್ಲೇ ಇರ್ಲಿ, ಕೇಳ್ದಾಗ ಒಂದೊಂದೇ ಕೊಡಿ."

ಹಬೆಯಾಡುವ ಉಂಡೆ ಕೊಟ್ಟೆ. ಎಡಗೈಯಲ್ಲಿ ಹಿಡಿಕೆಯನ್ನು ಕೊಂಚ ತಿರುಗಿಸಿ ನಿಂತಳು.

"ಏನು, ಸುಸ್ತಾಯ್ತಾ?" ಯೋಗರಾಜ್ ಕೆಣಕಿದ.

"ಸುಮ್ನಿರ್ರೀ. ಇಳಿಯಕ್ಕೆ ಅದಕ್ಕೂ ಹೊತ್ತು ಬೇಡ್ವಾ?"

ಕೈ ನಿಂತರೂ ಎಳೆಗಳು ಇಳಿಯುತ್ತಲೇ ಇದ್ದವು. ನಿಧಾನವಾದಾಗ ಮತ್ತೆ ಕೊಂಚ ತಿರುಗಿಸಿದಳು. ಬಲ ಹಾಕಿಯೇ ಒತ್ತಿಕೊಂಡು ಬಂದ ನನಗೆ ಈ ಉಪಾಯ ಎಂದೂ ಹೊಳೆದಿರಲಿಲ್ಲ. ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ಶಾವಿಗೆ ತಟ್ಟೆ ತುಂಬಿತು.

ಕಾಯಿಹಾಲು ಹಾಕಿ ಹುಲಿಯಪ್ಪನಿಗೆ ಬಡಿಸಿದೆ. ಎರಡನೇ ಸಲವೂ ಹಾಕಿಸಿಕೊಂಡು ತಿಂದು, "ಸರಿ, ಒರಳು ಗಾಡಿಗೆ ಹಾಕ್ಸಿ" ಎಂದ.

"ಒರಳು ಕೊಡಲ್ಲಣ್ಣ" ಎಂದಳು ಶೀಲಾ.

"ಅಲ್ಲಮ್ಮ, ಮಾರ್ತೀವಿ ಅಂತ ಕರೆಸಿ..."

"ಗುಜರಿ ಸಾಮಾನು ನಿಮಗ್ಯಾಕೆ? ಶಾವಿಗೆ ಬೇಕಾದ್ರೆ ಹೇಳಿ, ಒತ್ತಿ ಕಳಿಸ್ತೀನಿ."

ಹುಲಿಯಪ್ಪ ನಕ್ಕುಬಿಟ್ಟ. ಈಗ ಪ್ರತಿ ಭಾನುವಾರ ಅವನ ಹೋಟೆಲಿಗೆ ನನ್ನ ಸೊಸೆಯ ಶಾವಿಗೆ ಹೋಗುತ್ತದೆ. ಡಬ್ಬಿ ಹೊತ್ತೊಯ್ಯುವವನು ಯೋಗರಾಜ್. ಒತ್ತಲು ಮಾತ್ರ ಅವನನ್ನು ಯಾರೂ ಕರೆಯುವುದಿಲ್ಲ.