ಗಂಟೆ ಹೊಡೆದ ಮೇಲಿನ ಕತೆ

ತಂಗಿಯ ಬೆರಳು ಹೋದ ಮರುವಾರ ಕತೆಯಕ್ಕ ಯಜಮಾನನಿಗೆ ನಗುನಗುತ್ತಾ ನಮಸ್ಕಾರ ಮಾಡಿದಳು. ಆವತ್ತೇ ಅವನಿಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಸದ್ಯ, ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಬಂದಳಲ್ಲ ಅಂದುಕೊಂಡ. ಮುಠ್ಠಾಳ!

ಕತೆಯಕ್ಕ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು. ತಗಡಿನ ಸೂರಿನ ಉದ್ದನೆಯ ಹಾಲ್, ಎರಡು ಸಾಲು ಮೆಷಿನ್ನು, ಕೊನೆಯ ಕಿಟಕಿಯ ಪಕ್ಕ ಕಾಜಾ ಗುಂಡಿಯವರ ಮೇಜು. ಅಲ್ಲಿ ಕೂತು ಅವಳು ಬಾಯಿ ತೆರೆದರೆ ಬಾಗಿಲ ಬಳಿ ಇಸ್ತ್ರಿ ಹಾಕುವವಳಿಗೂ ಕೇಳಿಸುತ್ತಿತ್ತು. ಅಂಥ ಕಂಚಿನ ಕಂಠ.

ಕತೆ ಶುರು ಮಾಡುವುದನ್ನು ಅವಳು ಕಲಿತದ್ದು ತಂಗಿಯಿಂದಲೇ. ಚಿಕ್ಕಂದಿನಲ್ಲಿ ಅಮ್ಮ ಕಂಡವರ ಮನೆಯ ಪಾತ್ರೆ ತಿಕ್ಕಲು ಹೋದರೆ ಮೂರು ವರ್ಷದ ತಂಗಿ ಇವಳ ಮಡಿಲಿಗೆ. ಆ ಹುಡುಗಿಯೋ, ಒಮ್ಮೆ ರಾಗ ತೆಗೆದರೆ ಬೀದಿಯೇ ಎದ್ದು ಬರಬೇಕು. ಒಂದು ಅಳು ಮುಗಿಸಿ ಇನ್ನೊಂದಕ್ಕೆ ಉಸಿರೆಳೆದುಕೊಳ್ಳುತ್ತಾಳಲ್ಲ, ಆ ಸಂದಿನಲ್ಲಿ ಮೊದಲ ಮಾತನ್ನು ತೂರಿಸಬೇಕಿತ್ತು. ಒಂದೂರಿನಲ್ಲಿ ಒಬ್ಬ ರಾಜ ಇದ್ದ ಅಂದರೆ ಅಳು ದುಪ್ಪಟ್ಟು. ‘ಬಾಗಿಲ ಹಿಂದೆ ಯಾರೋ ಕೂತಿದ್ದಾರೆ ಕಣೇ, ಅವರಿಗೆ ಕಾಲೇ ಇಲ್ಲ’ ಅಂದರೆ ತೆರೆದ ಬಾಯಿ ತೆರೆದ ಹಾಗೇ. ಮೊದಲ ಮಾತಿನಲ್ಲೇ ಯಾರಾದರೊಬ್ಬರು ಪೇಚಿಗೆ ಸಿಕ್ಕಬೇಕು, ಹೇಗೆ ಅನ್ನುವುದನ್ನು ಮಾತ್ರ ಬಚ್ಚಿಟ್ಟುಕೊಳ್ಳಬೇಕು. ಅಷ್ಟೇ ಅವಳ ವಿದ್ಯೆ.

ಕಾರ್ಖಾನೆಯಲ್ಲಿ ಅದೇ ವಿದ್ಯೆ ನಡೆಯಿತು. ಒಂದು ಸಂಜೆ ಇನ್ನೇನು ಕೆಲಸ ಬಿಡುವ ಗಂಟೆ ಹೊಡೆಯಬೇಕು ಅನ್ನುವಾಗ ಅವಳು ಸುಮ್ಮನೆ, “ಮದುವೆ ಊಟಕ್ಕೆ ಕೂತವರಲ್ಲಿ ಒಬ್ಬ ಸತ್ತು ಆಗಲೇ ಮೂರು ವರ್ಷ ಆಗಿತ್ತು” ಅಂದಳು. ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಕಿವಿ ಇವಳ ಕಡೆ, ಕೈ ತನ್ನ ಪಾಡಿಗೆ ಹೊಲಿಯುತ್ತಲೇ ಇತ್ತು. ಗಾಜಿನ ಕೋಣೆಯಲ್ಲಿ ಕೂತಿದ್ದ ಯಜಮಾನ ಅದನ್ನು ನೋಡಿದ. ನೋಡದೆ ಬಿಡುತ್ತಾನೆಯೇ? ಪುಗಸಟ್ಟೆ ಕೆಲಸದ ವಾಸನೆ ಅವನ ಮೂಗಿಗೆ ಬಡಿದಿತ್ತು.

ಅಂದಿನಿಂದ ಕೆಲಸ ಹೆಚ್ಚಿದ್ದ ದಿನವೆಲ್ಲ ಗಂಟೆಗೆ ಮುಂಚೆ ಅವಳ ಮೇಜಿಗೆ ಒಂದು ಲೋಟ ಚಹಾ ಬರುತ್ತಿತ್ತು. “ಏನಮ್ಮಾ ಕತೆಯಕ್ಕ, ಇವತ್ತು ಏನೂ ಇಲ್ವಾ?” ಅನ್ನುತ್ತಿದ್ದ. ಅವಳು ಉಬ್ಬಿಹೋಗುತ್ತಿದ್ದಳು. ಕಾಜಾ ಮಾಡುವ ಅಜ್ಜಿ ಒಮ್ಮೆ, “ಲೇ, ಆ ಚಹಾ ನಮ್ಮೆಲ್ಲರ ಬೆವರಲ್ಲಿ ಕುದಿಸಿದ್ದು ಕಣೇ” ಎಂದು ಗೊಣಗಿದಳು. ಗೊಣಗಿದವಳೂ ಕತೆ ಮುಗಿಯುವವರೆಗೆ ಎದ್ದಿರಲಿಲ್ಲ ಅನ್ನಿ.

ತಂಗಿಯೂ ದೊಡ್ಡವಳಾಗಿ ಅದೇ ಹಾಲ್‌ಗೆ ಕೆಲಸಕ್ಕೆ ಸೇರಿದ್ದಳು. ಒಂದು ಸಂಜೆ ಕಾಲರ್ ಹೊಲಿಯುತ್ತಿದ್ದ ಅವಳು ಕತೆಯ ರಭಸದಲ್ಲಿ ಅಕ್ಕನ ಕಡೆ ತಿರುಗಿದಳು. ಕಾಲು ಪೆಡಲಿನ ಮೇಲೇ ಇತ್ತು. ಸೂಜಿ ತೋರುಬೆರಳಿನೊಳಗೆ ಹೊಕ್ಕು ಮುರಿಯಿತು. ಗಾಯ ಕೀವಾಯಿತು, ಡಾಕ್ಟರು ಎರಡು ಗೆಣ್ಣು ತೆಗೆದರು.

ಕತೆಯಕ್ಕ ಗಾಜಿನ ಕೋಣೆಗೆ ಹೋಗಿ, “ಚಿಕಿತ್ಸೆ ನೀವು ಕೊಡಿಸ್ಬೇಕು, ಕೆಲಸದಿಂದ ತೆಗೀಬಾರ್ದು” ಎಂದು ಕೇಳಿದಳು. ಯಜಮಾನ ಕೈ ತೊಳೆದುಕೊಂಡ.

“ಗಂಟೆ ಹೊಡೆದ ಮೇಲೆ ಆಗಿದ್ದಮ್ಮಾ ಇದು. ಆಮೇಲೆ ಯಾರೂ ಇಲ್ಲಿ ಕೆಲಸದಲ್ಲಿ ಇರಲ್ಲ. ಕತೆ ಕೇಳ್ತಾ ಕೂತಿರ್ತಾರೆ, ಅಷ್ಟೆ. ಬೆರಳು ತಿಂದಿದ್ದು ನನ್ನ ಮೆಷಿನ್ನಲ್ಲ, ನಿನ್ನ ಕತೆ.”

ಆ ಮಾತು ಅವಳ ಎದೆಗೆ ಚೂರಿಯ ಹಾಗೆ ಹೊಕ್ಕಿತು. ಅಯ್ಯೋ ಪಾಪಿ! ಅವಳು ಬಡಪೆಟ್ಟಿಗೆ ಅಳುವವಳಲ್ಲ, ಅವತ್ತೂ ಅಳಲಿಲ್ಲ. ಹಲ್ಲು ಕಚ್ಚಿಕೊಂಡು ಮನೆಗೆ ಬಂದು, ಬ್ಯಾಂಡೇಜಿನ ಕೈ ಎದೆಗವಚಿಕೊಂಡು ಮಲಗಿದ್ದ ತಂಗಿಯ ತಲೆ ಸವರಿ, “ಇವನಿಗೆ ಮಾಡ್ತೀನಿ ಇರು” ಅಂದಳು.

ಮಾಡಲು ಅವಸರಪಡಲಿಲ್ಲ. ನಮಸ್ಕಾರ ಮಾಡಿದಳು, ಚಹಾ ಕುಡಿದಳು, ಮೊದಲಿಗಿಂತ ಚೆನ್ನಾಗಿ ಕತೆ ಹೇಳಿದಳು. ಜೊತೆಗೆ ಕೆಲಸ ಮಾಡುವವರಲ್ಲಿ ಕೆಲವರು ಮುಖ ತಿರುಗಿಸಿಕೊಂಡರು. ತಂಗಿಯ ಬೆರಳು ಹೋದರೂ ಇವಳಿಗೆ ಚಹಾದ ಚಪಲ ಹೋಗಲಿಲ್ಲವಲ್ಲ ಎಂದು. ಅದನ್ನೂ ನುಂಗಿಕೊಂಡಳು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಒಂದೇ ಒಂದು ದಿನಕ್ಕಾಗಿ ಕಾಯುತ್ತಿದ್ದಳು.

ಆ ದಿನ ಶಾಲೆ ತೆರೆಯುವ ಮುಂಚೆ ಬಂತು. ಮಕ್ಕಳ ಸಮವಸ್ತ್ರದ ಅಂಗಿಗಳು ಗುಡ್ಡೆ ಬಿದ್ದಿದ್ದವು, ಅರ್ಧಕ್ಕರ್ಧ ಗುಂಡಿಯೇ ಇಲ್ಲದೆ. ಅವತ್ತೇ ಲಾರಿ ತುಂಬಿ ಬರದಿದ್ದರೆ ಮಾಲೇ ಬೇಡ ಎಂದು ವ್ಯಾಪಾರಿ ಖಡಾಖಂಡಿತವಾಗಿ ಹೇಳಿದ್ದ. ಯಜಮಾನ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದ. ಈ ಸಲ ಚಹಾವನ್ನು ತಾನೇ ತಂದ, ಜೊತೆಗೆ ಎರಡು ಬಿಸ್ಕತ್ತು!

“ಇವತ್ತು ಒಂದು ಭರ್ಜರಿ ಕತೆ ತೆಗಿಯಮ್ಮಾ. ಒಬ್ಬರೂ ಏಳ್ಬಾರ್ದು.”

“ನೀವು ನೋಡ್ತಾ ಇರಿ ಯಜಮಾನ್ರೇ” ಅಂದಳು. ಬಿಸ್ಕತ್ತನ್ನು ಅದ್ದಿ ಅದ್ದಿ ತಿಂದಳು. ಚಹಾ ಕುಡಿದು ಲೋಟ ಬೋರಲು ಹಾಕಿದಳು. ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟಳು. ಗಂಟೆ ಹೊಡೆಯುತ್ತಿದ್ದ ಹಾಗೆ ಚೀಲ ಹೆಗಲಿಗೇರಿಸಿ ಎದ್ದು ನಿಂತಳು.

“ನಮ್ಮಲ್ಲೊಬ್ಬಳ ಬೆರಳು ತಿಂದವನು ಯಾರು ಅಂತ ನಿಮಗೆಲ್ಲ ಗೊತ್ತು. ಆಮೇಲೆ ಅವನ ಗತಿ ಏನಾಯ್ತು ಅನ್ನೋದು ಗೊತ್ತಿಲ್ಲ.”

ಎಲ್ಲರ ಕತ್ತೂ ಅವಳ ಕಡೆ ತಿರುಗಿತು. ಅವಳು ಮುಂದಿನ ಮಾತು ಆಡುತ್ತಲೇ ಬಾಗಿಲ ಕಡೆ ನಡೆದಳು. ನಡೆದಷ್ಟೂ ದನಿ ತಗ್ಗಿಸಿದಳು, ಬೇಕೆಂದೇ. ಕೂತಲ್ಲಿಗೆ ಕೇಳಿಸದಾಯಿತು. ಮೊದಲು ಎದ್ದವಳು ಕಾಜಾದ ಅಜ್ಜಿ. “ಏಯ್, ನಿಂತ್ಕೊಳ್ಳೇ, ಮೊಣಕಾಲು ನೋವು” ಎಂದು ಬೈಯುತ್ತಾ ಕತೆಯ ಹಿಂದೆ ಹೊರಟಳು. ಆಮೇಲೆ ಇಸ್ತ್ರಿಯವಳು. ಮುಖ ತಿರುಗಿಸಿಕೊಂಡಿದ್ದವರು ದಡಬಡ ಎದ್ದರು. ಮೆಷಿನ್ನುಗಳು ಒಂದೊಂದಾಗಿ ಸುಮ್ಮನಾದವು. ಗೇಟಿನ ಹೊರಗೆ, ಖಾಲಿ ಲಾರಿಯ ಪಕ್ಕದಲ್ಲಿ, ಅವರೆಲ್ಲ ಅವಳ ಸುತ್ತ ನಿಂತರು.

ಯಜಮಾನ ಏದುಸಿರು ಬಿಡುತ್ತಾ ಓಡಿಬಂದ. “ಏನಮ್ಮಾ ಇದು? ಒಳಗೆ ಕೂತು ಹೇಳು! ಲಾರಿ ನಿಂತಿದೆ!”

“ಅದು ಹೇಗಾಗುತ್ತೆ ಯಜಮಾನ್ರೇ? ಗಂಟೆ ಹೊಡೆದ ಮೇಲೆ ಯಾರೂ ಕೆಲಸದಲ್ಲಿ ಇರಲ್ಲ, ಕತೆ ಕೇಳ್ತಿರ್ತಾರೆ ಅಷ್ಟೆ ಅಂತ ನೀವೇ ಅಂದ್ರಲ್ಲ. ಕೇಳ್ತಿದ್ದಾರೆ, ನೋಡಿ.”

ಅಜ್ಜಿ ಕಿಸಕ್ಕೆಂದಳು. ಅದು ಒಬ್ಬರಿಂದೊಬ್ಬರಿಗೆ ಹಬ್ಬಿತು. ಅವನು ಬೈದ, ಕೈಮುಗಿದ, ದುಡ್ಡು ಕೊಡುತ್ತೇನೆ ಅಂದ. ಒಬ್ಬಳೂ ಕದಲಲಿಲ್ಲ. ಕೊನೆಗೆ ಡ್ರೈವರು ವ್ಯಾಪಾರಿಗೆ ಫೋನ್ ಮಾಡಿ, ಹೂಂ ಹೂಂ ಅಂದು, ಖಾಲಿ ಲಾರಿಯನ್ನು ತಿರುಗಿಸಿಕೊಂಡು ಹೋದ. ಗುಂಡಿಯಿಲ್ಲದ ಅಂಗಿಗಳ ಗುಡ್ಡೆಯ ಜೊತೆ ಯಜಮಾನ ಒಬ್ಬನೇ ಉಳಿದ. ಕತೆಯಕ್ಕನ ಹೊಟ್ಟೆ ತಣ್ಣಗಾಯಿತು.

ಮನೆಯಲ್ಲಿ ತಂಗಿ ಎದ್ದು ಕೂತಳು. “ಯಾಕಕ್ಕಾ ಇಷ್ಟು ಬೇಗ?”

ಕತೆಯಕ್ಕ ಚಪ್ಪಲಿ ಬಿಡುವ ಮುಂಚೆಯೇ ಮೊದಲ ಮಾತು ಹೇಳಿದಳು. ತಂಗಿಯ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು, ಮೂರು ವರ್ಷದವಳಿದ್ದಾಗಿನಂತೆ.

“ಆಮೇಲೆ? ಅವನ ಗತಿ ಏನಾಯ್ತು?”

“ಇನ್ನೂ ಆಗ್ತಾ ಇದೆ ಕಣೇ” ಅಂದಳು ಅಕ್ಕ. “ನಾಳೆನೂ ಗಂಟೆ ಹೊಡೆಯುತ್ತಲ್ಲ.”